ಅತ್ತೆ ತಂದ ಕುದುರೆಗೆ ನಾನೇ ಸವಾರ

ಕುದುರೆ ಸವಾರಿಯ ವಿಷಯದಲ್ಲಿ ನಮ್ಮ ಅತ್ತೆಯಷ್ಟು ತಿಳಿದವರು ಇಡೀ ಹೊಸಕೋಟೆ ತಾಲ್ಲೂಕಿನಲ್ಲೇ ಇರಲಿಲ್ಲ. ಆಕೆ ಜನ್ಮದಲ್ಲಿ ಒಮ್ಮೆಯೂ ಕುದುರೆ ಹತ್ತಿರಲಿಲ್ಲ ಎಂಬುದು ಬೇರೆ ಮಾತು! ಹತ್ತುತ್ತಿದ್ದವನು ನಾನು. ಬೀಳುತ್ತಿದ್ದವನೂ ನಾನೇ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಸೂಲಿಬೆಲೆ ಹತ್ತಿರದ ಹಳ್ಳಿಯಲ್ಲಿ ಹೊಲ, ತೋಟ, ನಾಲ್ಕು ಎಮ್ಮೆ, ಎಲ್ಲವನ್ನೂ ಒಬ್ಬಳೇ ಆಳುತ್ತಿದ್ದ ಗಟ್ಟಿಗಿತ್ತಿ. ನಾನು ಸೂಲಿಬೆಲೆಯಲ್ಲಿ ಲೆಕ್ಕದ ಮೇಷ್ಟ್ರು. ಎಪ್ಪತ್ತರ ದಶಕದ ಶುರುವಿನ ಮಾತು ಇದು. ಮದುವೆಯಾದ ನಾಲ್ಕನೇ ವರ್ಷಕ್ಕೆ ನನ್ನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಕರ್ಮಾಂತರ ಮುಗಿದ ಮರುದಿನ ಅತ್ತೆ ಬಂದು, ನನ್ನ ಟ್ರಂಕನ್ನು ಗಾಡಿಗೆ ಹಾಕಿಸಿ, "ಬಾ, ನಮ್ಮನೇಲೇ ಬಿದ್ದಿರು" ಎಂದಳು. ಬಿದ್ದಿರು ಎಂಬ ಮಾತನ್ನು ಆಕೆ ಅಷ್ಟು ನಿಜ ಮಾಡುತ್ತಾಳೆಂದು ಯಾರಿಗೆ ಗೊತ್ತಿತ್ತು?

ಎರಡು ವರ್ಷ ಕಳೆದಿತ್ತು. ಪಂಪ್‌ಸೆಟ್ಟಿಗೆ ವಾಷರ್ ತರುತ್ತೇನೆಂದು ಬೆಂಗಳೂರಿಗೆ ಹೋದ ಅತ್ತೆ ಕುದುರೆ ತಂದಳು. ವಾಷರ್ ಮರೆತಿದ್ದಳು. ಅದು ಕಂದು ಬಣ್ಣದ ಎಳೆಪ್ರಾಯದ ಗಂಡು ಕುದುರೆ. ರೇಸಿಗೆ ಆಗುವುದಿಲ್ಲವೆಂದು ಯಾರೋ ಮಾರಿದ್ದರು. ಏಕೆ ಆಗುವುದಿಲ್ಲ? ರೇಸಿನಲ್ಲಿ ಎಲ್ಲ ಕುದುರೆಗಳೂ ಒಂದೇ ದಿಕ್ಕಿಗೆ ಓಡಬೇಕಂತೆ. ಇದಕ್ಕೆ ಆ ನಿಯಮ ಒಪ್ಪಿಗೆಯಾಗಿರಲಿಲ್ಲ! ಬಂದ ದಿನವೇ ಕೊಟ್ಟಿಗೆಯ ಬಾಗಿಲು ಮುರಿದು, ಎರಡು ಎಮ್ಮೆಗಳನ್ನು ಬೀದಿಗೆ ಅಟ್ಟಿತು. ಅತ್ತೆ ಅದಕ್ಕೆ 'ಸಾಧು' ಎಂದು ಹೆಸರಿಟ್ಟಳು.

"ಇದನ್ನ ಸವಾರಿ ಪ್ರದರ್ಶನಕ್ಕೆ ಕರ್ಕೊಂಡ್ ಹೋಗ್ಬೇಕು ಕಣೋ. ನೀನೇ ಹತ್ತೋದು."

"ನಾನು ಸೈಕಲ್ಲೇ ಹತ್ತೋದಿಲ್ಲ, ಅತ್ತೆ."

"ಅದಕ್ಕೇ ಹೇಳಿದ್ದು. ಕೆಟ್ಟ ಅಭ್ಯಾಸ ಒಂದೂ ಇಲ್ಲ ನಿಂಗೆ. ಮೈಮೇಲೆ ಮಾಂಸಾನೂ ಇಲ್ಲ. ಕುದುರೆಗೆ ಭಾರ ಆಗಲ್ಲ!"

ಆ ದಿನಗಳಲ್ಲಿ ನಾನು ಯಾವುದಕ್ಕೂ ಎದುರಾಡುತ್ತಿರಲಿಲ್ಲ. ಶಾಲೆಗೆ ಹೋಗುವುದು, ಬರುವುದು, ತಟ್ಟೆಗೆ ಬಿದ್ದ ಮುದ್ದೆ ನುಂಗುವುದು. ವಾದ ಮಾಡುವುದಕ್ಕಿಂತ ಕುದುರೆ ಹತ್ತುವುದೇ ಸುಲಭ ಅನ್ನುವಷ್ಟು ಆಯಾಸ.

ಆಗ ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಅಲ್ಲಲ್ಲಿ ಶಾಲೆಯ ಮೈದಾನಗಳಲ್ಲಿ ಸವಾರಿ ಪ್ರದರ್ಶನ ನಡೆಯುತ್ತಿತ್ತು. ಜಟಕಾ ಸಾಹೇಬರು, ತೋಟದ ಯಜಮಾನರು, ಪಿಂಚಣಿಯ ಪೊಲೀಸರು ತಮ್ಮ ತಮ್ಮ ಕುದುರೆ ತರುತ್ತಿದ್ದರು. ಮೈದಾನ ಸುತ್ತಬೇಕು, ಅಡ್ಡ ಕಟ್ಟಿದ ಬಿದಿರು ಹಾರಿಸಬೇಕು, ಅಷ್ಟೆ. ಅತ್ತೆ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಲಗಾಮು ಹಿಡಿದು, ಹುರುಳಿಯ ಚೀಲ ಹೊತ್ತು, ಹತ್ತು ಹನ್ನೆರಡು ಮೈಲಿ ನಡೆಯುತ್ತಿದ್ದೆ. ಕುದುರೆಯ ಮೇಲೇ ಕೂತು ಹೋಗಬಾರದೇ ಎಂದು ಕೇಳುತ್ತೀರಾ? ನಾನೂ ಕೇಳಿದ್ದೆ. "ಅಯ್ಯೋ, ಪ್ರದರ್ಶನಕ್ಕೆ ಮುಂಚೆ ಅದಕ್ಕೆ ಸುಸ್ತಾಗ್ಬಾರ್ದಪ್ಪಾ!"

ಮೊದಲ ಪ್ರದರ್ಶನ ಹೊಸಕೋಟೆಯಲ್ಲಿ. ಬ್ಯಾಂಡಿನವರು ಡೋಲು ಬಾರಿಸಿದ್ದೇ ತಡ, ಸಾಧು ಮೈದಾನ ಬಿಟ್ಟು ನೇರವಾಗಿ ಶಾಮಿಯಾನಾಕ್ಕೆ ನುಗ್ಗಿತು. ಮುಖ್ಯ ಅತಿಥಿಗಳ ಎದುರು ನಿಂತು, ಅವರ ಕೊರಳಲ್ಲಿದ್ದ ಸೇವಂತಿಗೆ ಹಾರವನ್ನು ಸಾವಕಾಶವಾಗಿ ತಿನ್ನತೊಡಗಿತು. ಅವರು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದರು. ಮೈಕಿನವನು ಸಮಯಸ್ಫೂರ್ತಿಯುಳ್ಳವನು: "ಈಗ ನಮ್ಮ ಮೇಷ್ಟ್ರು ಅತಿಥಿಗಳಿಗೆ ಗೌರವ ಸಲ್ಲಿಸುತ್ತಿದ್ದಾರೆ!" ಜನ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದಳು!

ಮುಂದಿನದು ದೊಡ್ಡಬಳ್ಳಾಪುರ. ಅಲ್ಲಿಗೆ ಎರಡು ದಿನದ ನಡಿಗೆ. ಸಾಧು ಬಿದಿರಿನ ಕಡೆಗೆ ಬಾಣದಂತೆ ಓಡಿತು. ಗೆದ್ದೆವು ಎಂದುಕೊಂಡೆ. ಬಿದಿರಿನ ಮುಂದೆ ಅದು ಗಕ್ಕನೆ ನಿಂತುಬಿಟ್ಟಿತು. ನನಗೆ ನಿಲ್ಲಲು ಆಗಲಿಲ್ಲ. ನಾನೊಬ್ಬನೇ ಬಿದಿರು ದಾಟಿ ಆಚೆ ಬಿದ್ದೆ. ತೀರ್ಪುಗಾರರಾಗಿದ್ದ ಮುದಿ ಸಾಹೇಬರು ಗಡ್ಡ ಕೆರೆದುಕೊಂಡರು. "ಮೇಷ್ಟ್ರು ಪಾಸು, ಕುದುರೆ ಫೇಲು. ನಾನ್ ಏನಂತ ಬರೀಲಿ?"

ಅತ್ತೆ ಬಿಡಲಿಲ್ಲ. "ಇಬ್ರಲ್ಲಿ ಒಬ್ರಾದ್ರೂ ದಾಟಿದ್ದಾರಲ್ಲ ಸಾಹೇಬ್ರೇ, ಅರ್ಧ ಮಾರ್ಕಾದ್ರೂ ಕೊಡಿ!"

ನಾನು ಅಂಗಿಯ ಮಣ್ಣು ಕೊಡವಿಕೊಂಡೆ.

ಮೂರನೆಯದು ದೇವನಹಳ್ಳಿಯಲ್ಲಿ. ಅಂದು ಸಾಧು ಏನು ಕನಸು ಕಂಡಿತ್ತೋ, ತಲೆ ಬಗ್ಗಿಸಿ ಮೈದಾನ ಸುತ್ತಿತು. ಒಂದು ಬಿದಿರು ಹಾರಿತು. ಎರಡನೆಯದನ್ನೂ ಹಾರಿತು! ಜನರೆಲ್ಲ ಎದ್ದು ನಿಂತರು. ಇನ್ನೊಂದೇ ಬಾಕಿ. ಅಷ್ಟರಲ್ಲಿ ಮೈದಾನದ ಮೂಲೆಯಲ್ಲಿ ಹಿಂದಿನ ದಿನದ ಮಳೆನೀರು ನಿಂತ ಗುಂಡಿ ಅದರ ಕಣ್ಣಿಗೆ ಬಿತ್ತು. ಅಲ್ಲಿಗೆ ಹೋಗಿ ಎಮ್ಮೆಯ ಹಾಗೆ ಮಲಗಿಬಿಟ್ಟಿತು. ನಾನು ಕೆಸರಲ್ಲಿ. ಕನ್ನಡಕ ಎಲ್ಲೋ. ಎಡಗೈ ಎತ್ತಲಾಗುತ್ತಿಲ್ಲ. ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಗುತ್ತಿದೆ.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಓಡಿ ಬಂದಳು. ಕುದುರೆಯ ಕಾಲು ನೋಡುತ್ತಾಳೆ ಎಂದುಕೊಂಡೆ. ನನಗೇ ಗೊತ್ತಿಲ್ಲದಂತೆ ಕೂಗಿಬಿಟ್ಟೆ.

"ಸಾಕು ಮಾಡ್ತೀಯಾ ಇಲ್ವಾ? ಕುದುರೆ ಬೇಕಿದ್ರೆ ನೀನೇ ಹತ್ತು! ನಾನೇನ್ ಮನುಷ್ಯ ಅಲ್ವಾ? ಹೇಳೋರು ಕೇಳೋರು ಇಲ್ಲ ಅಂತ ನನ್ನನ್ನ ಊರೂರಲ್ಲಿ ಬೀಳಿಸ್ತಾ ಇದ್ದೀಯಾ? ಅವಳಿದ್ದಿದ್ರೆ..."

ಎರಡು ವರ್ಷದಲ್ಲಿ ಅವಳ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅತ್ತೆ ಕುದುರೆಯ ಕಡೆ ತಿರುಗಿಯೂ ನೋಡಲಿಲ್ಲ. ಕೆಸರಲ್ಲೇ ಕುಕ್ಕರಗಾಲಲ್ಲಿ ಕೂತು ಕನ್ನಡಕ ಹುಡುಕಿದಳು. ಸೆರಗಿನಲ್ಲಿ ಒರೆಸಿ ನನಗೆ ಹಾಕಿದಳು.

"ಹೇಳಪ್ಪ, ನಿಲ್ಲಿಸ್ಬೇಡ. ಅವಳಿದ್ದಿದ್ರೆ?"

"ನಗ್ತಿದ್ಲು, ಅತ್ತೆ," ಎಂದೆ. "ಹೊಟ್ಟೆ ಹಿಡ್ಕೊಂಡು ನಗ್ತಿದ್ಲು." ಹೇಳುತ್ತಾ ಅತ್ತುಬಿಟ್ಟೆ, ಅಷ್ಟು ಜನರ ಮುಂದೆ.

ಕೈ ಮುರಿದಿರಲಿಲ್ಲ, ಉಳುಕಿತ್ತು. ಅತ್ತೆ ಬಟ್ಟೆ ಕಟ್ಟಿದಳು. ಸೂಲಿಬೆಲೆಯ ಬಸ್ಸು ಬಂದು ನಿಂತಾಗ, "ನೀನ್ ಹೋಗಪ್ಪಾ" ಎಂದು ಕಂಡಕ್ಟರನನ್ನು ಕಳಿಸಿಬಿಟ್ಟು ಲಗಾಮು ತಾನೇ ಹಿಡಿದಳು. ಮೂವರೂ ನಡೆದು ಹೊರಟೆವು. ನಾನು ಅವಳ ವಿಷಯ ಹೇಳತೊಡಗಿದೆ. ಅವಳು ಹುಳಿಗೆ ಉಪ್ಪು ಮರೆಯುತ್ತಿದ್ದದ್ದು, ನನ್ನ ಪೆನ್ನಿನಲ್ಲಿ ತವರಿಗೆ ಕಾಗದ ಬರೆದು ನಿಬ್ಬು ಹಾಳು ಮಾಡುತ್ತಿದ್ದದ್ದು, ಕೊನೆಯ ದಿನ ಜ್ವರದಲ್ಲೂ 'ನಿಮ್ಮ ಊಟ ಆಯ್ತಾ' ಎಂದು ಕೇಳಿದ್ದು. ಯಾರ ಮಾತನ್ನೂ ಪೂರ್ತಿ ಆಡಗೊಡದ ನಮ್ಮ ಅತ್ತೆ, ಮನೆ ಮುಟ್ಟುವ ತನಕ 'ಹೂಂ' ಬಿಟ್ಟು ಬೇರೇನೂ ಅನ್ನಲಿಲ್ಲ.