ಕೆಮ್ಮಿದರೆ ತೆರೆಯುವ ಬಾಗಿಲು

ಬಹಳ ಹಿಂದೆ, ಜಾಹೀರಾತುಗಳೂ ನಿಜ ಹೇಳುತ್ತಿದ್ದ ಕಾಲದಲ್ಲಿ, ಅಗುಳಿಪುರವೆಂಬ ರಾಜ್ಯವಿತ್ತು. ಅದರ ಅರಸ ದುರ್ಲಭರಾಯನಿಗೆ ಕೈಯಿಂದ ಬಾಗಿಲು ತಳ್ಳುವುದೆಂದರೆ ಅವಮಾನ. ಹಾಗಾಗಿ ಅರಮನೆಯ ಬಡಗಿ ಮೌನಾಚಾರಿ, ದೊರೆ ಕೆಮ್ಮಿದರೆ ತಾನಾಗಿ ತೆರೆಯುವ ಬಾಗಿಲೊಂದನ್ನು ಮಾಡಿಕೊಟ್ಟಿದ್ದ. ತಂತ್ರಜ್ಞಾನ ಸರಳ: ಮೌನಾಚಾರಿಯೇ ಬಾಗಿಲ ಹಿಂದೆ ಕೂತು, ಕೆಮ್ಮು ಕೇಳಿದೊಡನೆ ಹಗ್ಗ ಎಳೆಯುತ್ತಿದ್ದ. ದೊರೆಗೆ ಶೀತವಾದ ದಿನ ಪಾಪ, ಬಡಗಿಗೆ ಬುತ್ತಿ ಬಿಚ್ಚಲೂ ಬಿಡುವಿಲ್ಲ. ಮನೆಯಲ್ಲಿ ಹೆಂಡತಿ ಕಾಳಮ್ಮನ ಎದುರು ಕೂತು ಒಂದು ದಿನವಾದರೂ ಬಿಸಿ ಮುದ್ದೆ ಉಣ್ಣಬೇಕೆಂಬುದೇ ಅವನ ಆಸೆ.

ಒಮ್ಮೆ ನೆರೆರಾಜ್ಯದ ರಾಯಭಾರಿ ಆ ಬಾಗಿಲು ಕಂಡು ಬೆರಗಾದ. ಮಂತ್ರಿ ಪ್ರಿಯಂವದ ಶಾಸ್ತ್ರಿಗಳು ಕೂಡಲೇ ಎದ್ದರು. "ಮಹಾಪ್ರಭು, ಇದು ಬಾಗಿಲಲ್ಲ, ಪ್ರಾಡಕ್ಟ್. ತಮ್ಮ ಕೆಮ್ಮಿಗೆ ಒಗ್ಗಿದ್ದು ಜಗತ್ತಿನ ಕೆಮ್ಮಿಗೆ ಒಗ್ಗದೇ?" ಸಭೆ ಭಕ್ತಿಯಿಂದ ಕೆಮ್ಮಿತು. ಪ್ರತಿ ಮನೆಯೂ ಹಳೆಯ ಬಾಗಿಲು ಕಿತ್ತು ಇದನ್ನೇ ಕೊಂಡು ಹಾಕಿಸಬೇಕೆಂದು ಡಂಗುರವಾಯಿತು. ಹಗ್ಗ ಎಳೆಯುವವರಿಲ್ಲದೆ ಅವು ತೆರೆಯವೆಂದು ಗೊತ್ತಿದ್ದರೂ, ಇನ್ನಾದರೂ ಬಿಡುಗಡೆ ಸಿಕ್ಕೀತೆಂಬ ಆಸೆಗೆ ಮೌನಾಚಾರಿ ಕೇಳಿದಷ್ಟು ಬಾಗಿಲು ಮಾಡಿಕೊಟ್ಟ.

ಊರಿಗೆ ಊರೇ ಬೀದಿಯಲ್ಲಿ ನಿಂತು ಕೆಮ್ಮಿತು. ಒಂದು ಬಾಗಿಲೂ ತೆರೆಯಲಿಲ್ಲ. ಜನ ಹಿತ್ತಿಲ ಗೋಡೆ ಹಾರಿ ಒಳಹೋಗಿ ಅಡುಗೆ ಮಾಡಿದರು. ಪ್ರಜೆಗಳಿಗೆ ಕೆಮ್ಮಲು ಬರುವುದಿಲ್ಲವೆಂದು ಶಾಸ್ತ್ರಿಗಳು ತರಬೇತಿ ಶಿಬಿರ ನಡೆಸಿದರು. ಗಂಟಲು ಹರಿಯಿತೇ ಹೊರತು ಬಾಗಿಲು ಅಲುಗಲಿಲ್ಲ. ಕೊನೆಗೆ ಬಡಗಿಯನ್ನು ಕರೆಸಿದರು.

"ಅರಮನೇಲಿ ಬಾಗ್ಲ ಹಿಂದೆ ನಾನಿದ್ದೆ ಬುದ್ಧಿ. ಊರೋರ ಬಾಗ್ಲ ಹಿಂದೆ ಯಾರವ್ರೆ? ಹತ್ತು ಜನ ಹತ್ತು ಥರ ಕೆಮ್ತಾರೆ. ಅದಕ್ಕೆ ಬೇರೆ ಬಾಗ್ಲನ್ನೇ ಮಾಡ್ಬೇಕು."

"ಬೇರೆ ಬಾಗಿಲೇಕೆ?" ಎಂದ ದೊರೆ. "ಹಿಂದೆ ಜನ ಇಲ್ಲದಿರುವುದೇ ತಾನೇ ದೋಷ?"

ಮರುದಿನವೇ ರಾಜಾಜ್ಞೆ ಹೊರಟಿತು. ಪ್ರತಿ ಮನೆಯಿಂದ ಒಬ್ಬರು ಹಗಲಿಡೀ ಹಗ್ಗ ಹಿಡಿದು ಬಾಗಿಲ ಹಿಂದೆ ಕೂರತಕ್ಕದ್ದು. ಅವರಿಗೆ 'ಗ್ರಾಹಕ ಸೇವಾಧಿಕಾರಿ' ಎಂಬ ಬಿರುದು ಉಂಟು, ಸಂಬಳ ಇಲ್ಲ. ಹಗ್ಗಕ್ಕೂ ತೆರಿಗೆ ಬಿತ್ತು. ಹೊಲಗಳು ಬೀಳು ಬಿದ್ದವು, ಬಾಗಿಲುಗಳೆಲ್ಲ ತೆರೆದವು. ಪ್ರಾಡಕ್ಟ್ ಗೆದ್ದಿತೆಂದು ಶಾಸ್ತ್ರಿಗಳನ್ನು ಆನೆಯ ಮೇಲೆ ಮೆರೆಸಿದರು.

ಮೌನಾಚಾರಿಗೂ ಒಂದು ಶಾಲು ಹೊದಿಸಿ ಮನೆಗೆ ಕಳಿಸಿದರು. ಅವನು ಒಂದೇ ಉಸಿರಿಗೆ ಓಡಿಬಂದು ಬಾಗಿಲ ಮುಂದೆ ಕೆಮ್ಮಿದ. ತೆರೆಯಲಿಲ್ಲ. ಮತ್ತೆ ಕೆಮ್ಮಿದ. ಪಕ್ಕದ ಮನೆಯ ಬಾಗಿಲ ಹಿಂದೆ ಹಗ್ಗ ಹಿಡಿದು ಕೂತಿದ್ದ ಮುದುಕಿ ಅಲ್ಲಿಂದಲೇ ಹೇಳಿದಳು:

"ಸುಮ್ನೆ ಯಾಕಪ್ಪ ಗಂಟ್ಲು ಹರ್ಕೊಳ್ತೀಯ? ನಿನ್ನ ಜಾಗ ಖಾಲಿ ಆಯ್ತಂತ ಕಾಳಮ್ಮನ್ನ ಅರಮನೆಗೆ ಕರ್ಕೊಂಡು ಹೋದ್ರು. ದೊರೆಗೆ ಇವತ್ತು ಶೀತವಂತೆ."