ಶಿರವಾಡದ ಏಕೈಕ ಸ್ವೆಟರ್

ಕಾರವಾರದವರಿಗೆ ಚಳಿ ಎಂದರೆ ಫ್ರಿಜ್ಜಿನ ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ಗಾಳಿ, ಅಷ್ಟೇ. ಹಾಗಾಗಿ ಇಡೀ ಶಿರವಾಡದಲ್ಲಿದ್ದದ್ದು ಒಂದೇ ಒಂದು ಸ್ವೆಟರ್. ಸುಳ್ಳೆನಿಸಿದರೆ ಮನೆಮನೆ ಹೊಕ್ಕು ಟ್ರಂಕು ತಡಕಿ ಬನ್ನಿ. ನಾನು ಉತ್ಪ್ರೇಕ್ಷೆ ಮಾಡುವವನೇ ಅಲ್ಲ. ಆ ಸ್ವೆಟರ್ ನಿವೃತ್ತ ಮಾಸ್ತರ ಅನಂತಮೂರ್ತಿಗಳದ್ದು.

ಮಿಸ್ಡ್ ಕಾಲ್ ಕೊಟ್ಟೇ ಜನ ಸಂಸಾರ ನಡೆಸುತ್ತಿದ್ದ ಕಾಲ ಅದು. ಕೇರಿಯವರೆಲ್ಲ ಸೇರಿ ಟೆಂಪೋ ಮಾಡಿಕೊಂಡು ಊಟಿಗೆ ಹೊರಟರು. ಗುಮಾಸ್ತ ರಾಮನಾಥನೂ ಹೆಂಡತಿ ಗೋದಾವರಿಯೊಂದಿಗೆ ಹೊರಟ. ಹೊರಡುವ ಮುನ್ನ ಆತ ಹೊರಡಿಸಿದ ಆಜ್ಞೆ ಒಂದೇ: ಒಣಮೀನು ತರಕೂಡದು. ಹಿಂದೊಮ್ಮೆ ಮೈಸೂರಿನ ಲಾಡ್ಜಿನವರು ಇವರ ಕೋಣೆಯಲ್ಲಿ ಇಲಿ ಸತ್ತಿದೆಯೆಂದು ಹಾಸಿಗೆಯನ್ನೇ ಬಿಚ್ಚಿ ಹುಡುಕಿದ್ದರು.

ಗೋದಾವರಿ ಗಂಡನಿಗಾಗಿ ಪಕ್ಕದ ಮನೆಯ ಸ್ವೆಟರ್ ಕೇಳಿದಳು. ಮಾಸ್ತರರು ಹಿಲ್ಲೂರಿನ ನೆಂಟರ ಮನೆಗೆ ಹೋಗಿದ್ದರು. ಅವರ ಹೆಂಡತಿ ಶರಾವತಿಯೇ ಅಟ್ಟದ ಟ್ರಂಕಿನಿಂದ ಪ್ಲಾಸ್ಟಿಕ್ ಕವರೊಂದನ್ನು ಇಳಿಸಿ ಕೊಟ್ಟರು. ಹುಳ ಬೀಳದಿರಲೆಂದು ಮಾಸ್ತರರೇ ಗಂಟಿನ ಮೇಲೆ ಗಂಟು ಹಾಕಿಟ್ಟಿದ್ದಾರೆ, ಊಟಿಗೆ ಹೋದ ಮೇಲೇ ಬಿಚ್ಚು ಎಂದರು.

ಶರಾವತಿ ಎಂದರೆ ಹಾಲಿನ ಪ್ಯಾಕೆಟ್ಟಿಗೂ ಸ್ನಾನ ಮಾಡಿಸಿ ಒಳಗೆ ಕರೆದುಕೊಳ್ಳುವ ಹೆಂಗಸು. ಬೇಸಿಗೆಯಲ್ಲಿ ಕೇರಿಯ ಬಾವಿಗಳೆಲ್ಲ ಸಮುದ್ರದ ತಂಗಿಯರಂತೆ ಉಪ್ಪಾದರೆ, ಅವರ ಬಾವಿಯೊಂದೇ ಎಳನೀರಿನಂತಿರುತ್ತಿತ್ತು. ರಾಮನಾಥನ ಮನೆಯ ಕುಡಿಯುವ ನೀರು ಅಲ್ಲಿಯದೇ. ಮೀನು ಮುಟ್ಟಿದ ಕೈ ಹಗ್ಗ ಮುಟ್ಟಬಾರದು ಎಂಬುದೊಂದೇ ಷರತ್ತು.

ಊಟಿಯಲ್ಲಿ ಬೆಳಗಾಯಿತು. ರಾಮನಾಥನ ಹಲ್ಲುಗಳು ಯಕ್ಷಗಾನದ ಚೆಂಡೆಯಂತೆ ಬಾರಿಸತೊಡಗಿದವು. ಹಲ್ಲಿನಿಂದಲೇ ಗಂಟು ಬಿಚ್ಚಿದ. ಕವರಿನೊಳಗಿಂದ ಎದ್ದ ವಾಸನೆಗೆ ಕಿಟಕಿಯ ಮೇಲೆ ಕೂತಿದ್ದ ಕೋತಿ ಕೆಮ್ಮಿತು. ಸ್ವೆಟರನ್ನು ಕೊಡವಿದರೆ ತೋಳಿನೊಳಗಿಂದ ಕಾಗದದ ಪೊಟ್ಟಣವೊಂದು ಬಿತ್ತು. ಒಣ ಶೆಟ್ಲಿ. ಘಟ್ಟದ ಮೇಲಿನವರು ಒಣ ಸೀಗಡಿ ಎನ್ನುವುದು ಇದಕ್ಕೇ.

"ಬೇಡ ಅಂದ್ರೂ ತಂದ್ಯಲೆ?" ರಾಮನಾಥನ ದನಿ ನಡುಗಿತು. ಅರ್ಧ ಚಳಿಗೆ, ಅರ್ಧ ಬಾವಿಯ ನೆನಪಿಗೆ.

"ನಾ ಇಟ್ಟದ್ದಲ್ಲ ಇದು. ದೇವ್ರಾಣೆ."

"ಮತ್ತೆ ಸ್ವೆಟರಿಗೆ ಹಸಿವಾಗಿ ತಾನೇ ಅಂಕೋಲೆ ಮೀನುಪೇಟೆಗೆ ಹೋಗಿ ತಂತಾ?"

ಗೋದಾವರಿ ಸೆರಗು ಬಿಗಿದಳು. "ಇಟ್ಟವ್ರು ಯಾರು ಅಂತ ನೀವೇ ಹುಡುಕಿ ಹೇಳಿ. ಅಲ್ಲಿವರೆಗೆ ನಿಮ್ಮ ಸಂಗ್ತಿಗೆ ಮಾತಿಲ್ಲ." ಹಾಗೆಂದು ಹೆಂಗಸರ ಗುಂಪಿನ ಜೊತೆ ದೋಣಿವಿಹಾರಕ್ಕೆ ನಡೆದೇಬಿಟ್ಟಳು.

ರಾಮನಾಥ ಪೊಟ್ಟಣವನ್ನು ಕೆರೆಗೆ ಎಸೆದ. ಅಂದಿನಿಂದ ಊಟಿ ಕೆರೆಯ ಮೀನುಗಳು ಕೊಂಕಣಿ ಮಾತಾಡುತ್ತವೆಯಂತೆ. ಆದರೆ ಸ್ವೆಟರಿನ ವಾಸನೆ ಎಸೆಯುವುದೆಲ್ಲಿಗೆ? ಅದು ಶರಾವತಿಯ ಮೂಗಿಗೆ ಬಿದ್ದರೆ ಬಾವಿ ಕೈಬಿಟ್ಟಂತೆಯೇ. ಸಹಾಯಕ್ಕೆ ಬಂದವನು ಟೆಂಪೋದಲ್ಲಿ ಪಕ್ಕದಲ್ಲೇ ಕೂತಿದ್ದ ಮಾಬ್ಲೇಶ್ವರ. ಯಾರೂ ಕೇಳದಿದ್ದರೂ ಸಲಹೆ ಕೊಡುವುದರಲ್ಲಿ ಅವನನ್ನು ಮೀರಿಸಿದವನು ಗೋವೆಯಿಂದ ಗೋಕರ್ಣದವರೆಗೆ ಇಲ್ಲ. ಮೊದಲು ಚಹಾಪುಡಿ ತಿಕ್ಕು ಎಂದ. ಸ್ವೆಟರ್ ಚಹಾ ಕುಡಿದ ಶೆಟ್ಲಿಯಂತಾಯಿತು. ಆಮೇಲೆ ಊದುಬತ್ತಿಯ ಹೊಗೆ ಕೊಡು ಎಂದ. ಶೆಟ್ಲಿಗೆ ದೇವಸ್ಥಾನದ ಕಳೆ ಬಂತು. ಅಷ್ಟರಲ್ಲಿ ಊಟಿಯ ಬೆಕ್ಕುಗಳೆಲ್ಲ ರಾಮನಾಥನ ಹಿಂದೆ ಸಾಲುಗಟ್ಟಿ ದಿಂಡಿ ಹೊರಟಿದ್ದವು. ವಿದೇಶಿ ಪ್ರವಾಸಿಯೊಬ್ಬ ಇದಾವುದೋ ಸ್ಥಳೀಯ ಉತ್ಸವವೆಂದು ಫೋಟೋ ತೆಗೆದುಕೊಂಡ.

ಕೊನೆಗೆ ಮಾಬ್ಲೇಶ್ವರನೇ ನೀಲಗಿರಿ ಎಣ್ಣೆಯ ಬಾಟಲಿ ತಂದು ಬಿಸಿನೀರಿಗೆ ಬಗ್ಗಿಸಿದ. ಸ್ವೆಟರನ್ನು ಅದರಲ್ಲಿ ಮುಳುಗಿಸಿ, ಕುಕ್ಕಿ, ಹಿಂಡಿ, ಟೆಂಪೋದ ತಲೆಗೆ ಕಟ್ಟಿ ಒಣಗಿಸಿದರು. ಆ ಟೆಂಪೋ ಹೋದ ದಾರಿಯಲ್ಲಿ ವರ್ಷಗಟ್ಟಲೆ ಯಾರಿಗೂ ನೆಗಡಿಯಾಗಲಿಲ್ಲ. ಕೇರಿಯವರು ತೆಗೆಸಿಕೊಂಡ ಗುಂಪು ಫೋಟೋದಲ್ಲಿ ಎಲ್ಲರ ಹಿಂದೆ ಹೂವು ಕಂಡರೆ, ಲಾಡ್ಜಿನ ಕಂಬಳಿ ಹೊದ್ದ ರಾಮನಾಥನ ಹಿಂದೆ ಮಾತ್ರ ಬೆಕ್ಕು ಕಾಣುತ್ತದೆ.

ಶಿರವಾಡಕ್ಕೆ ಮರಳಿದ್ದೇ ಅವನು ಸ್ವೆಟರನ್ನು ಹೊಸ ಕವರಿಗೆ ಹಾಕಿಕೊಂಡು ಮಾಸ್ತರರ ಮನೆಗೆ ಹೋದ. ಕೊಡಲಿಯ ಕೆಳಗೆ ಕೊರಳಿಟ್ಟವನಂತೆ ನಿಂತ. ಹಿಲ್ಲೂರಿನಿಂದ ಮರಳಿದ್ದ ಮಾಸ್ತರರು ಕವರಿಗೆ ಹದ್ದಿನಂತೆ ಎರಗಿದರೂ ಶರಾವತಿಯ ಕೈ ಮೊದಲು ತಲುಪಿತು. ಮೂಸಿದರು. ಮತ್ತೆ ಮೂಸಿದರು. ಕೇರಿಯೇ ಉಸಿರು ಹಿಡಿಯಿತು.

"ಪಾಪ, ತೊಳ್ದೂ ತಂದಿದ್ದಾನೆ. ಎಂತಾ ಪರಿಮಳ," ಎಂದು ಅವರು ಒಳಗೆ ಹೋದರು.

ರಾಮನಾಥನ ಎದೆಯಿಂದ ಇಳಿದ ಕಲ್ಲು ಬಿದ್ದ ಸದ್ದು ಕಾಳಿ ನದಿಯ ಸೇತುವೆಯಾಚೆಗೂ ಕೇಳಿಸಿತು. ಬಾವಿ ಉಳಿಯಿತು. ವಿಚಿತ್ರವೆಂದರೆ ಅವನಿಗಿಂತ ದೊಡ್ಡ ನಿಟ್ಟುಸಿರು ಬಿಟ್ಟವರು ಮಾಸ್ತರರು. ಬೀಳ್ಕೊಡುವ ನೆಪದಲ್ಲಿ ಬಾವಿಕಟ್ಟೆಯವರೆಗೆ ಬಂದವರು ಅವನ ಕಿವಿಯ ಬಳಿ ಬಾಗಿದರು.

"ತಮಾ, ಸ್ವೆಟರಿನ ತೋಳಲ್ಲಿ ಒಂದು ಪೊಟ್ಟಣ ಇತ್ತಲ, ಎಲ್ಲಿದ್ದು?"

ರಾಮನಾಥ ಬಾಯಿ ತೆರೆದ. "ಕೆರೆಗೆ ಎಸೆದೆ."

"ಛೆ. ಮೀನು ಮಾರೂ ಶೆಟಗೇರಿ ಕಾಮಿ ಹತ್ರ ಆರ್ಸಿ ತಂದದ್ದು ಮಾರಾಯ. ಈ ಊರಲ್ಲಿ ಸ್ವೆಟರ್ ಯಾರು ಮುಟ್ತಾರೆ ಅಂತ ಹೇಳಿ ಅದ್ರಲ್ಲಿ ಇಟ್ಟಿದ್ದೆ." ಮಾಸ್ತರರು ಹಿಂದೆ ತಿರುಗಿ ನೋಡಿ ದನಿ ಇನ್ನೂ ತಗ್ಗಿಸಿದರು. "ಬೆಕ್ಕಿಗೆ ಅಂತ ಹೇಳಿ ತಂದದ್ದು ಮತ್ತೆ. ಅವಳಿಗೆ ಗೊತ್ತಾದ್ರೆ ನಂಗೂ ಈ ಬಾವಿ ನೀರಿಲ್ಲ, ನಿಂಗೂ ಇಲ್ಲ. ಯಾರಿಗೂ ಹೇಳೂದಿಲ್ಲ ಅಂತ ಕಟ್ಟೆ ಮುಟ್ಟಿ ಆಣೆ ಮಾಡು."

ರಾಮನಾಥ ಆಣೆ ಮಾಡಿದ. ಆ ಮನೆಯಲ್ಲಿ ಬೆಕ್ಕಿಲ್ಲ. ಕ್ಯಾಲೆಂಡರಿನಲ್ಲಿ ಬೆಕ್ಕಿನ ಚಿತ್ರ ಬಂದರೂ ಶರಾವತಿ ಗೋಡೆಯ ಕಡೆಗೆ ತಿರುಗಿಸಿಡುತ್ತಾರೆ.

ಮನೆಯಲ್ಲಿ ಗೋದಾವರಿ ಹೊಸ್ತಿಲಲ್ಲೇ ನಿಂತಿದ್ದಳು.

"ಗೊತ್ತಾಯ್ತಾ, ಇಟ್ಟದ್ದು ಯಾರು ಅಂತ?"

ರಾಮನಾಥ ಅವಳ ಮುಖ ನೋಡಿದ. ಒಳಗೆ ಸಾಲಾಗಿದ್ದ ಸಿಹಿನೀರಿನ ಕೊಡಪಾನಗಳನ್ನು ನೋಡಿದ.

"ಬೆಕ್ಕು," ಎಂದ.

ಅಲ್ಲಿಯವರೆಗೆ ಮಾತು ಮಾತ್ರ ಬಿಟ್ಟಿದ್ದ ಗೋದಾವರಿ ಅಂದಿನಿಂದ ಅಡುಗೆಯನ್ನೂ ಬಿಟ್ಟಳು.