ಕಮಾನಿನ ಕಟ್ಟಡ ಯಾವುದು?

ಹಳೆಯ ಕಟ್ಟಡಗಳನ್ನು ಹಳಬರು ಥಟ್ಟನೆ ಗುರುತು ಹಿಡಿಯುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಂಬಿ ಕೆಟ್ಟೆ.

ಬೇಗಂಪೇಟೆಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿಯ ಹೊಸ ಆಫೀಸು ಸಿದ್ಧವಾಗುತ್ತಿತ್ತು. ಸುತ್ತ ಗಾಜು ಹಾಕಿ ಮುಗಿದ ಮೇಲೆ ನಮ್ಮ ಸಾಹೇಬರಿಗೆ ಇತಿಹಾಸದ ಹಸಿವಾಯಿತು. ಗೋಡೆಗೆ ಹಳೆಯ ಹೈದರಾಬಾದಿನ ಕಪ್ಪು-ಬಿಳುಪು ಫೋಟೋಗಳು ಬೇಕು, ಕೆಳಗೆ ಹೆಸರೂ ಬೇಕು ಎಂದರು. ಚಾರ್‌ಮಿನಾರನ್ನು ಎಲ್ಲರೂ ಗುರುತಿಸಿದರು. ಸಾಲು ಕಮಾನುಗಳ ಒಂದು ಕಟ್ಟಡದ ಹತ್ತಿರ ಬಂದು ಎಲ್ಲರೂ ನಿಂತರು. "ನಮ್ಮ ಅತ್ತೆ-ಮಾವ ಇಲ್ಲೇ ಹುಟ್ಟಿ ಬೆಳೆದವರು, ನಾಳೆ ಹೇಳುತ್ತೇನೆ" ಎಂದುಬಿಟ್ಟೆ.

ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ, ರೈಲ್ವೆಯಿಂದ ನಿವೃತ್ತರಾದ ಮಾವ ಕನ್ನಡಕವನ್ನೂ ಹಾಕಿಕೊಳ್ಳದೆ ಫೋಟೋ ನೋಡಿ, "ಇದು ದವಾಖಾನಿ. ನನ್ನ ಕಾಲಿಗೆ ಪ್ಲಾಸ್ಟರ್ ಹಾಕಿದ್ದು ಇಲ್ಲೇ" ಎಂದರು. ಅತ್ತೆ ಒಲೆ ಆರಿಸಿ ಬಂದರು. "ಎಲ್ಲೀ ದವಾಖಾನಿರಿ? ಇದು ನಾ ಕಲಿತ ಸಾಲಿ. ಈ ಕಮಾನಿನ ಕೆಳಗ ನಿಂತು ಭಾಳ ಅತ್ತೀನಿ."

"ಸಾಲಿಗೆ ಇಷ್ಟ ದೊಡ್ಡ ಬಾಗ್ಲಾ ಯಾಕ ಬೇಕು?"

"ನಿಮ್ಮ ಕಾಲಿಗೆ ಬೇಕಾಗಿತ್ತೇನ್ರಿ?"

ಅಲ್ಲಿಗೆ ಇಬ್ಬರೂ ಮಾತು ಬಿಟ್ಟರು. ಪಕ್ಕದಲ್ಲೇ ಕೂತ ಮಾವನಿಗೆ ಚಹಾ ಬೇಕೇ ಎಂದು ಅತ್ತೆ ನನ್ನ ಮೂಲಕ ಕೇಳಿಸತೊಡಗಿದರು. ಅತ್ತ ಸಾಹೇಬರ ಫೋನು, ಇತ್ತ ಇವರ ಮೌನ. ಸಾಕಾಗಿ, ಭಾನುವಾರ ಇಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಆ ಕಟ್ಟಡ ಹುಡುಕಲು ಹೊರಟೆ. ಬೇಗಂಪೇಟೆಯ ಒಂದು ತಿರುವಿನಲ್ಲಿ ಇಬ್ಬರೂ ಒಟ್ಟಿಗೆ "ಇಲ್ಲೇ!" ಎಂದು ಕೂಗಿದರು. ಈಗ ಅಲ್ಲಿ ಕಮಾನಿರಲಿಲ್ಲ, ಒಂದು ಗಾಜಿನ ಕಟ್ಟಡವಿತ್ತು. ಅತ್ತೆ ಹೋಗಿ ಗಾಜಿನ ಮೇಲೆ ಅಂಗೈಯಿಟ್ಟು ನಿಂತರು. ಮಾವ ಹತ್ತಿರ ಹೋಗಿ, "ಮೊದಲ ಸಾಲಿ ಇದ್ದಿರಬೇಕು. ಆಮ್ಯಾಲ ದವಾಖಾನಿ ಆಗೇತಿ" ಎಂದು ಮೆತ್ತಗೆ ಹೇಳಿದರು.

ಅಷ್ಟರಲ್ಲಿ ಸಾಹೇಬರ ಫೋನು ಬಂತು. ಆ ಫೋಟೋ ಹೈದರಾಬಾದಿನದೇ ಅಲ್ಲವಂತೆ, ನಾಗಪುರದ್ದು, ಫೋಟೋ ಕೊಟ್ಟ ಸ್ಟುಡಿಯೋದವರು ಬೆರೆಸಿಬಿಟ್ಟಿದ್ದರಂತೆ. ಅದನ್ನೇ ಇಬ್ಬರಿಗೂ ಹೇಳಿದೆ. ಎಷ್ಟೋ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. "ನಿಮ್ಮ ಆಫೀಸಿನವ್ರಿಗೆ ಏನ್ ತಿಳೀತೈತಿ?" ಎಂದರು ಮಾವ. "ಪಾಪ, ನಿನ್ನೆ ಮೊನ್ನೆ ಬಂದವ್ರು" ಎಂದರು ಅತ್ತೆ. ಮನೆ ಮುಟ್ಟುವವರೆಗೆ ಅವರಿಬ್ಬರದೇ ಮಾತು. ನಡುವೆ ಕೂತ ನನ್ನನ್ನು ಕೇಳುವವರಿಲ್ಲ.

ಈಗ ಆ ಫೋಟೋ ನಮ್ಮ ಹಾಲ್‌ನಲ್ಲಿದೆ. ಬಂದವರಿಗೆಲ್ಲ ಸಾಲಿ ದವಾಖಾನಿಯಾದ ಕಥೆ. ಅಲ್ಲಗಳೆದು ಸೋತ ನಾನು ಮೊನ್ನೆ ಪಕ್ಕದ ಮನೆಯವರಿಗೆ, "ಎಡಕ್ಕೆ ಒಂದು ಬಾವಿಯೂ ಇತ್ತಂತೆ" ಎಂದು ನನ್ನದೇ ಒಂದು ಸುಳ್ಳು ಸೇರಿಸಿದೆ. ಮಾವ ಗಂಭೀರವಾಗಿ ತಲೆಯಾಡಿಸಿದರು. ಅತ್ತೆ ಮಾತ್ರ ತಿದ್ದಿದರು:

"ಎಡಕ್ಕ ಅಲ್ಲವ್ವಾ, ಬಲಕ್ಕ."